ನಡುಋತುವಿನಲ್ಲಿ ಬದಲಾಗುವ ಕಾರು: ವೆಚ್ಚಕ್ಕಿಂತ ತಾಳೆ ಮುಖ್ಯ

ಕಾರ್ಖಾನೆಯಲ್ಲಿ ಯಂತ್ರವೊಂದನ್ನು ಬದಲಿಸಬೇಕಾದಾಗ ಮಾಲೀಕರು ಸಾಮಾನ್ಯವಾಗಿ ಬೇಡಿಕೆ ತಗ್ಗಿದ ತಿಂಗಳಿಗಾಗಿ ಕಾಯುತ್ತಾರೆ. ಫಾರ್ಮುಲಾ ಒನ್ ಮೋಟಾರು ಪಂದ್ಯದ ತಂಡಗಳಿಗೆ ಈ ಅನುಕೂಲವಿಲ್ಲ. ಮಾರ್ಚ್‌ನಿಂದ ಡಿಸೆಂಬರ್‌ವರೆಗೆ ಇಪ್ಪತ್ತಕ್ಕೂ ಹೆಚ್ಚು ಸ್ಪರ್ಧೆಗಳು ಒಂದರ ಹಿಂದೆ ಒಂದರಂತೆ ನಡೆಯುತ್ತವೆ. ಅವುಗಳ ನಡುವೆಯೇ ಕಾರಿನ ರೆಕ್ಕೆ, ತಳಭಾಗ, ಪಕ್ಕದ ಕವಚಗಳನ್ನು ಬದಲಿಸುತ್ತ ಸಾಗಬೇಕು. ಬಿಡುವು ಎಂಬುದು ಬರುವುದು ಬೇಸಿಗೆ ರಜೆಯಲ್ಲಿ ಮಾತ್ರ. ಆದರೆ ಆಗ 14 ದಿನಗಳ ಕಾಲ ಕಾರಿನ ಕೆಲಸ ಮಾಡುವುದನ್ನೇ ನಿಯಮಗಳು ನಿಷೇಧಿಸಿವೆ. ಋತುವಿನ ಆರಂಭದಲ್ಲಿ ಅನಾವರಣಗೊಂಡ ಕಾರು ವರ್ಷದ ಕೊನೆಯ ಸ್ಪರ್ಧೆಯ ವೇಳೆಗೆ ಬಹುಮಟ್ಟಿಗೆ ಹೆಸರಿನಲ್ಲಿ ಮಾತ್ರ ಅದೇ ಕಾರಾಗಿ ಉಳಿದಿರುತ್ತದೆ.

ಈ ಬದಲಾವಣೆಗಳನ್ನು ಇಂಜಿನಿಯರಿಂಗ್ ಚಮತ್ಕಾರವೆಂದು ವರ್ಣಿಸುವುದು ಕ್ರೀಡಾ ಪುಟಗಳ ವಾಡಿಕೆ. ವಾಣಿಜ್ಯದ ದೃಷ್ಟಿಯಿಂದ ನೋಡಿದರೆ ಇದು ಮಿತವಾದ ಹಣದಲ್ಲಿ, ಮಿತವಾದ ಕಾಲದಲ್ಲಿ ಕೈಗೊಳ್ಳುವ ಬಂಡವಾಳ ಹೂಡಿಕೆಯ ನಿರ್ಧಾರ. ಅದರ ಯಶಸ್ಸು ನಿಂತಿರುವುದು ಎಷ್ಟು ಖರ್ಚು ಮಾಡಲಾಯಿತು ಎಂಬುದರ ಮೇಲಲ್ಲ. ಖರ್ಚು ಮಾಡಿದ್ದು ನಿರೀಕ್ಷಿತ ಫಲ ಕೊಟ್ಟಿತೇ ಎಂದು ಎಷ್ಟು ಬೇಗ, ಎಷ್ಟು ಪ್ರಾಮಾಣಿಕವಾಗಿ ಅಳೆಯಲಾಯಿತು ಎಂಬುದರ ಮೇಲೆ. ಕಳೆದ ಕೆಲವು ವರ್ಷಗಳ ದಾಖಲೆ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ.

ಹೊಸ ಬಿಡಿಭಾಗವೊಂದು ಕಾರಿಗೆ ಸೇರುವ ಬಗೆಯನ್ನು ಮೊದಲು ಗಮನಿಸಬೇಕು. ವಿನ್ಯಾಸಕಾರರ ಆಲೋಚನೆ ಮೊದಲು ಗಣಕಯಂತ್ರದಲ್ಲಿ ಗಾಳಿಯ ಹರಿವಿನ ಲೆಕ್ಕಾಚಾರಕ್ಕೆ ಒಳಗಾಗುತ್ತದೆ. ಅಲ್ಲಿ ಉತ್ತೀರ್ಣವಾದದ್ದು ಮಾದರಿಯ ರೂಪದಲ್ಲಿ ಗಾಳಿಸುರಂಗ ಸೇರುತ್ತದೆ. ಮಾದರಿ ಮೂಲಗಾತ್ರದ ಶೇ. 60ನ್ನು ಮೀರುವಂತಿಲ್ಲ, ಗಾಳಿಯ ವೇಗ ಸೆಕೆಂಡಿಗೆ 50 ಮೀಟರ್ ದಾಟುವಂತಿಲ್ಲ. ಅನಂತರ ಅಚ್ಚು ತಯಾರಿಕೆ, ಕಾರ್ಬನ್ ಫೈಬರ್ ಪದರಗಳ ಜೋಡಣೆ, ಒತ್ತಡದ ಕುಲುಮೆಯಲ್ಲಿ ಬೇಯಿಸುವಿಕೆ, ವಿಮಾನ ಸಾಗಣೆ. ಶುಕ್ರವಾರ ಅದು ಮೊದಲ ಬಾರಿಗೆ ರಸ್ತೆಯನ್ನು ಕಾಣುತ್ತದೆ. 2009ರಿಂದ ಋತುವಿನ ನಡುವಿನ ಪರೀಕ್ಷಾ ಓಟಗಳು ಬಹುಮಟ್ಟಿಗೆ ನಿಷಿದ್ಧವಾಗಿರುವುದರಿಂದ, ತಲಾ ಒಂದು ಗಂಟೆಯ ಮೂರು ಅಭ್ಯಾಸ ಓಟಗಳಲ್ಲಿಯೇ ಪರೀಕ್ಷೆ ಮುಗಿಯಬೇಕು. ಶನಿವಾರ ಕಿರು ಸ್ಪರ್ಧೆ ಇರುವ ವಾರಾಂತ್ಯಗಳಲ್ಲಿ ಒಂದೇ ಒಂದು ಗಂಟೆ.

ಆ ಗಂಟೆಯಲ್ಲಿ ತಂಡ ಹುಡುಕುವುದು ವೇಗವನ್ನಲ್ಲ. ಗಣಕಯಂತ್ರ ಹೇಳಿದ ಅಂಕಿ, ಸುರಂಗ ಹೇಳಿದ ಅಂಕಿ, ರಸ್ತೆ ಹೇಳುತ್ತಿರುವ ಅಂಕಿ, ಈ ಮೂರೂ ಒಂದೇ ಆಗಿವೆಯೇ ಎಂಬುದನ್ನು. ಕಾರಿನ ಮೈಗೆ ಹೊಳೆಯುವ ಬಣ್ಣದ ದ್ರವವನ್ನು ಬಳಿದು ಗಾಳಿ ಹರಿದ ಜಾಡನ್ನು ನೋಡುವುದು, ಒತ್ತಡ ಅಳೆಯುವ ಜಾಲರಿಗಳನ್ನು ಕಟ್ಟಿಕೊಂಡು ಓಡಿಸುವುದು, ಎಲ್ಲವೂ ಇದಕ್ಕಾಗಿಯೇ. ಇಂಜಿನಿಯರುಗಳು ಇದನ್ನು ಕೊರಿಲೇಶನ್ ಎನ್ನುತ್ತಾರೆ. ಲೆಕ್ಕಪತ್ರದ ಭಾಷೆಯಲ್ಲಿ ಇದು ತಾಳೆ ನೋಡುವುದು. ನಗದು ಪುಸ್ತಕ ಬ್ಯಾಂಕಿನ ಪಾಸ್ ಪುಸ್ತಕದೊಡನೆ ತಾಳೆಯಾಗದಿದ್ದರೆ ಪುಸ್ತಕದಲ್ಲಿರುವ ಶಿಲ್ಕಿನ ಮೇಲೆ ಚೆಕ್ಕು ಬರೆಯುವುದು ಎಷ್ಟು ಅಪಾಯವೋ, ಸುರಂಗದ ಅಂಕಿ ರಸ್ತೆಯೊಡನೆ ತಾಳೆಯಾಗದಿದ್ದಾಗ ಮುಂದಿನ ಭಾಗವನ್ನು ತಯಾರಿಸುವುದೂ ಅಷ್ಟೇ ಅಪಾಯ.

ಒಂದು ಕಾಲದಲ್ಲಿ ಇಂತಹ ತಪ್ಪುಗಳನ್ನು ಹಣದಿಂದ ಮುಚ್ಚಿಕೊಳ್ಳುವ ಅವಕಾಶವಿತ್ತು. ಆದರೂ ಹಣವೊಂದೇ ಗೆಲುವು ತರಲಿಲ್ಲ ಎಂಬುದಕ್ಕೆ ಜಪಾನಿನ ಟೊಯೊಟಾ ಕಂಪನಿಯೇ ಸಾಕ್ಷಿ. 2002ರಿಂದ 2009ರವರೆಗೆ ಎಂಟು ಋತುಗಳಲ್ಲಿ ಅಪಾರ ಹಣ ಸುರಿದರೂ ಒಂದೂ ಸ್ಪರ್ಧೆ ಗೆಲ್ಲದೆ ಅದು ಕ್ಷೇತ್ರ ತೊರೆಯಿತು. ಜರ್ಮನಿಯ ಕಲೋನ್ ನಗರದಲ್ಲಿ ಅದು ಕಟ್ಟಿದ ಗಾಳಿಸುರಂಗ ಮಾತ್ರ ಬಾಡಿಗೆಗೆ ದೊರೆಯುವಂತಾಗಿ, ಬೇರೆ ತಂಡಗಳ ಕಾರುಗಳನ್ನು ತಿದ್ದಲು ವರ್ಷಗಟ್ಟಲೆ ನೆರವಾಯಿತು. ಸೋತ ಉದ್ಯಮದ ಸ್ಥಿರಾಸ್ತಿ ಅನ್ಯರ ಗೆಲುವಿಗೆ ದುಡಿದ ಈ ಪ್ರಸಂಗ ಮುಂದೆ ಎರಡು ಬಾರಿ ಪ್ರಸ್ತಾಪಕ್ಕೆ ಬರಲಿದೆ.

2021ರಲ್ಲಿ ವೆಚ್ಚ ಮಿತಿ ಜಾರಿಗೆ ಬಂದಿತು. ಎಫ್‌ಐಎ ಎಂಬ ಅಂತರರಾಷ್ಟ್ರೀಯ ಮೋಟಾರು ಒಕ್ಕೂಟವು ಪ್ರತಿ ತಂಡಕ್ಕೆ ಆ ವರ್ಷ 14.5 ಕೋಟಿ, 2022ಕ್ಕೆ 14 ಕೋಟಿ, 2023ರಿಂದ 13.5 ಕೋಟಿ ಡಾಲರುಗಳ ಮೂಲ ಮಿತಿಯನ್ನು ವಿಧಿಸಿತು. ಹಣದುಬ್ಬರಕ್ಕೂ ಹೆಚ್ಚುವರಿ ಸ್ಪರ್ಧೆಗಳಿಗೂ ತಕ್ಕ ಸೇರ್ಪಡೆ ಪ್ರತ್ಯೇಕ. ಚಾಲಕರ ಸಂಭಾವನೆ, ಅತಿ ಹೆಚ್ಚು ವೇತನ ಪಡೆಯುವ ಮೂವರ ಸಂಬಳ, ಪ್ರಚಾರ ವೆಚ್ಚ ಮುಂತಾದವು ಮಿತಿಯ ಹೊರಗಿದ್ದವು. 2026ರ ಹೊಸ ನಿಯಮಾವಳಿಯಲ್ಲಿ ಮಿತಿ 21.5 ಕೋಟಿ ಡಾಲರಿಗೆ ಏರಿದೆ. ಆದರೆ ಹಿಂದೆ ಹೊರಗಿದ್ದ ಕೆಲವು ಬಾಬುಗಳು ಈಗ ಒಳಗೆ ಬಂದಿವೆ. ಅಂಕಿ ಯಾವುದೇ ಇರಲಿ, ಪರಿಣಾಮ ಒಂದೇ: ವ್ಯರ್ಥವಾದ ಒಂದು ತಳಭಾಗದ ಬೆಲೆಯನ್ನು ಮುಂದಿನ ತಳಭಾಗದ ಹಣದಿಂದಲೇ ತೆರಬೇಕು.

2023ರ ಋತು ಇದಕ್ಕೆ ಒಳ್ಳೆಯ ನಿದರ್ಶನ. ಮೆಕ್‌ಲಾರೆನ್ ತಂಡ ಆ ವರ್ಷದ ಕಾರನ್ನು ಅನಾವರಣಗೊಳಿಸಿದಾಗಲೇ, ಉದ್ದೇಶಿತ ಮಟ್ಟವನ್ನು ಮುಟ್ಟಲಾಗಿಲ್ಲವೆಂದು ಅದರ ಮುಖ್ಯಸ್ಥ ಆಂಡ್ರಿಯಾ ಸ್ಟೆಲ್ಲಾ ಬಹಿರಂಗವಾಗಿ ಒಪ್ಪಿಕೊಂಡರು. ಪ್ರಾಯೋಜಕರ ಮುಂದೆ ಹೊಸ ಸರಕನ್ನು ತೆರೆದಿಡುವ ದಿನ ಇಂತಹ ಮಾತನ್ನಾಡುವ ಉದ್ಯಮಿಗಳು ವಿರಳ. ಮೊದಲ ಎಂಟು ಸ್ಪರ್ಧೆಗಳಲ್ಲಿ ತಂಡ ಗಳಿಸಿದ್ದು 17 ಅಂಕಗಳು. ಅದೇ ಅವಧಿಯಲ್ಲಿ ಆಸ್ಟನ್ ಮಾರ್ಟಿನ್ 154 ಅಂಕ ಗಳಿಸಿ, ಅದರ ಹಿರಿಯ ಚಾಲಕ ಫರ್ನಾಂಡೊ ಅಲೊನ್ಸೊ ಆರು ಬಾರಿ ಮೊದಲ ಮೂರರೊಳಗೆ ಬಂದಿದ್ದರು.

ಒಂಬತ್ತನೆಯ ಸ್ಪರ್ಧೆಗೆ, ಆಸ್ಟ್ರಿಯಾದಲ್ಲಿ, ಮೆಕ್‌ಲಾರೆನ್ ತನ್ನ ದೊಡ್ಡ ಸುಧಾರಣೆಯನ್ನು ತಂದಿತು. ಎರಡು ಕಾರುಗಳಿಗಾಗುವಷ್ಟು ಭಾಗಗಳು ಇನ್ನೂ ಸಿದ್ಧವಾಗಿರಲಿಲ್ಲ. ಲ್ಯಾಂಡೋ ನಾರಿಸ್ ಅವರ ಕಾರಿಗೆ ಮಾತ್ರ ಅಳವಡಿಸಲಾಯಿತು. ಅವರು ನಾಲ್ಕನೆಯವರಾದರು. ಮುಂದಿನ ವಾರ ಸಿಲ್ವರ್‌ಸ್ಟೋನ್‌ನಲ್ಲಿ ಆಸ್ಕರ್ ಪಿಯಾಸ್ಟ್ರಿ ಅವರಿಗೂ ಹೊಸ ಭಾಗಗಳು ದೊರೆತು, ನಾರಿಸ್ ಎರಡನೆಯ, ಪಿಯಾಸ್ಟ್ರಿ ನಾಲ್ಕನೆಯ ಸ್ಥಾನ ಪಡೆದರು. ಉಳಿದ 14 ಸುತ್ತುಗಳಲ್ಲಿ ತಂಡ 285 ಅಂಕ ಗಳಿಸಿ ವರ್ಷವನ್ನು 302ರಲ್ಲಿ ಮುಗಿಸಿತು. ಆಸ್ಟನ್ ಮಾರ್ಟಿನ್ ಕೂಡ ಸುಮ್ಮನೆ ಕುಳಿತಿರಲಿಲ್ಲ. ಕೆನಡಾದಲ್ಲಿ, ಅನಂತರದ ಸ್ಪರ್ಧೆಗಳಲ್ಲಿ ಅದೂ ಹೊಸ ಭಾಗಗಳನ್ನು ತಂದಿತು, ಖರ್ಚು ಮಾಡಿತು. ಆದರೆ ಆ 14 ಸುತ್ತುಗಳಲ್ಲಿ ಅದಕ್ಕೆ ದೊರೆತದ್ದು 126 ಅಂಕ, ಒಟ್ಟು 280. ಒಂದು ತಂಡದ ಖರ್ಚು ಆಸ್ತಿಯಾಯಿತು, ಇನ್ನೊಂದರದು ಬರಿಯ ವೆಚ್ಚವಾಯಿತು.

ಇಲ್ಲಿ ಸಾಮಾನ್ಯವಾಗಿ ಆಗುವ ಒಂದು ತಪ್ಪು ಗ್ರಹಿಕೆಯನ್ನು ಸರಿಪಡಿಸಬೇಕು. ಮೆಕ್‌ಲಾರೆನ್ ಆ ವರ್ಷವೇ ವೋಕಿಂಗ್‌ನಲ್ಲಿ ಸ್ವಂತ ಹೊಸ ಗಾಳಿಸುರಂಗವನ್ನು ಬಳಕೆಗೆ ತಂದುದರಿಂದ, ಅದರ ಚೇತರಿಕೆಗೆ ಆ ಕಟ್ಟಡವೇ ಕಾರಣವೆಂದು ಹಲವರು ಭಾವಿಸುತ್ತಾರೆ. ಆದರೆ ಆಸ್ಟ್ರಿಯಾದ ಸುಧಾರಣೆ ರೂಪುಗೊಂಡದ್ದು ಟೊಯೊಟಾದ ಬಾಡಿಗೆ ಸುರಂಗದ ಕಾಲದಲ್ಲಿಯೇ. ಹೊಸ ಸುರಂಗ ಕೆಲಸ ಆರಂಭಿಸಿದ್ದು ಅನಂತರ. ಬದಲಾದದ್ದು ಮೊದಲು ಮನುಷ್ಯರ ವ್ಯವಸ್ಥೆ. ಮಾರ್ಚ್ ತಿಂಗಳಲ್ಲಿ ಒಬ್ಬ ತಾಂತ್ರಿಕ ನಿರ್ದೇಶಕನ ಬದಲು ಮೂವರಿಗೆ ಹೊಣೆ ಹಂಚಲಾಯಿತು. ಬಾಡಿಗೆ ಸುರಂಗಕ್ಕೆ ಇಂಗ್ಲೆಂಡಿನಿಂದ ಜರ್ಮನಿಗೆ ಮಾದರಿಗಳನ್ನು ಸಾಗಿಸುವುದರಲ್ಲಿ ಕಾಲ ವ್ಯಯವಾಗುತ್ತಿದ್ದುದು ನಿಜ, ಸ್ವಂತ ಸುರಂಗ ಅಗತ್ಯವಿದ್ದುದೂ ನಿಜ. ಆದರೂ ಯಂತ್ರ ಬರುವವರೆಗೆ ಕಾಯದೆ, ಇದ್ದ ಸಾಧನದಿಂದಲೇ ತಾಳೆಯನ್ನು ಸರಿಪಡಿಸಿಕೊಂಡದ್ದು ಆ ತಂಡದ ನಿಜವಾದ ಸಾಧನೆ ಎನ್ನಬೇಕು. 2024ರ ಮೇ ತಿಂಗಳಲ್ಲಿ ಮಯಾಮಿಗೆ ತಂದ ಮತ್ತೊಂದು ಸುಧಾರಣೆಯೊಡನೆ ನಾರಿಸ್ ತಮ್ಮ ಮೊದಲ ಗೆಲುವು ಕಂಡರು. ಆ ವರ್ಷ ತಂಡ 666 ಅಂಕಗಳೊಡನೆ 1998ರ ಬಳಿಕ ಮೊದಲ ಬಾರಿ ತಯಾರಕರ ಚಾಂಪಿಯನ್ ಪಟ್ಟ ಪಡೆಯಿತು.

ಆಗ ಎರಡನೆಯ ಸ್ಥಾನಕ್ಕೆ ನಿಂತ ಫೆರಾರಿ ಗಳಿಸಿದ್ದು 652. ಈ 14 ಅಂಕಗಳ ಹಿಂದಿನ ಕಥೆಯನ್ನು ಪ್ರತಿಯೊಬ್ಬ ತಯಾರಕನೂ ತಿಳಿಯತಕ್ಕದ್ದು. 2024ರ ಜೂನ್‌ನಲ್ಲಿ ಬಾರ್ಸಿಲೋನಾಕ್ಕೆ ಫೆರಾರಿ ಹೊಸ ತಳಭಾಗವನ್ನು ತಂದಿತು. ಅದರಿಂದ ಕಾರನ್ನು ನೆಲಕ್ಕೆ ಒತ್ತುವ ಬಲ ಹೆಚ್ಚಿತು. ಜೊತೆಗೆ ವೇಗದ ತಿರುವುಗಳಲ್ಲಿ ಕಾರು ಪುಟಿಯತೊಡಗಿತು. ಅಳತೆಯಲ್ಲಿ ಲಾಭ, ಬಳಕೆಯಲ್ಲಿ ನಷ್ಟ. ಜುಲೈ ಮೊದಲ ವಾರ ಸಿಲ್ವರ್‌ಸ್ಟೋನ್‌ನಲ್ಲಿ ಶುಕ್ರವಾರ ಹಳತನ್ನೂ ಹೊಸತನ್ನೂ ಹೋಲಿಸಿ ನೋಡಿದ ತಂಡ, ಸ್ಪರ್ಧೆಗೆ ಹಳೆಯ ತಳಭಾಗವನ್ನೇ ಜೋಡಿಸಿತು. ತಿದ್ದಿದ ತಳಭಾಗ ಹಂಗೆರಿಗೆ ಬಂದಿತು. ಸೆಪ್ಟೆಂಬರ್ 1ರಂದು ಮೊಂಜಾದಲ್ಲಿ, ಮತ್ತೊಂದು ಸುಧಾರಣೆಯೊಡನೆ, ಶಾರ್ಲ್ ಲೆಕ್ಲೇರ್ ಗೆದ್ದರು. ಆ 14 ಅಂಕಗಳನ್ನೂ ಬಾರ್ಸಿಲೋನಾದ ತಳಭಾಗದ ಖಾತೆಗೇ ಬರೆಯುವುದು ನ್ಯಾಯವಲ್ಲ. ಕೆನಡಾದಲ್ಲಿ ಎರಡೂ ಕಾರುಗಳು ಓಟ ಮುಗಿಸದೆ ಹೋದದ್ದು ಅದಕ್ಕೂ ಮೊದಲು. ಚಾಲಕರ, ಟೈರುಗಳ ಲೆಕ್ಕವೂ ಬೇರೆ ಇದೆ. ಆದರೂ ಕಳೆದುಹೋದ ಆ ವಾರಗಳು ವರ್ಷಾಂತ್ಯದಲ್ಲಿ ನೆನಪಾಗದೆ ಇರಲಾರವು.

ಹೊಸ ಭಾಗವನ್ನು ಕಳಚಿ ಹಳತನ್ನು ಜೋಡಿಸಿದ್ದನ್ನು ಇಟಲಿಯಲ್ಲಿ ಹಿನ್ನಡೆಯೆಂದು ಕಂಡವರುಂಟು. ವಾಸ್ತವದಲ್ಲಿ ಆ ವರ್ಷ ಫೆರಾರಿ ಕೈಗೊಂಡ ಅತ್ಯಂತ ಸರಿಯಾದ ನಿರ್ಧಾರಗಳಲ್ಲಿ ಅದೂ ಒಂದು. ಖರ್ಚಾದ ಹಣ ಹಿಂದಿರುಗುವುದಿಲ್ಲ. ಖರ್ಚು ಮಾಡಿದ್ದೇವೆಂಬ ಕಾರಣಕ್ಕೆ ಅದನ್ನೇ ಬಳಸುತ್ತ ಹೋದರೆ ನಷ್ಟ ಎರಡಾಗುತ್ತದೆ. ಲಕ್ಷಾಂತರ ರೂಪಾಯಿ ಕೊಟ್ಟು ತಂದ ಯಂತ್ರ ಕೆಟ್ಟ ಸರಕನ್ನು ತಯಾರಿಸುತ್ತಿದ್ದರೂ ಸಾಲದ ಕಂತು ನಡೆಯುತ್ತಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ಓಡಿಸುತ್ತಿರುವ ಕಾರ್ಖಾನೆಗಳನ್ನು ಕಾಣದ ಲೆಕ್ಕ ಪರಿಶೋಧಕರಿಲ್ಲ.

ಸುಧಾರಣೆಗೆ ಇನ್ನೊಂದು ಮುಖವಿದೆ, ಅದು ದಾಸ್ತಾನು. ಹೊಸ ರೆಕ್ಕೆ ಬಂದ ದಿನವೇ ಹಳೆಯ ರೆಕ್ಕೆಗಳ ಸಂಗ್ರಹ ಗುಜರಿಗೆ ಸಮನಾಗುತ್ತದೆ. ಹಳತನ್ನು ಹೆಚ್ಚಾಗಿ ಇಟ್ಟುಕೊಂಡರೆ ಹಣ ಸಿಕ್ಕಿಬೀಳುತ್ತದೆ. ಕಡಿಮೆ ಇಟ್ಟುಕೊಂಡರೆ ಒಂದು ಅಪಘಾತ ಸಾಕು. 2024ರ ಮಾರ್ಚ್‌ನಲ್ಲಿ ಮೆಲ್ಬರ್ನ್‌ನ ಅಭ್ಯಾಸ ಓಟದಲ್ಲಿ ವಿಲಿಯಮ್ಸ್ ತಂಡದ ಅಲೆಕ್ಸಾಂಡರ್ ಆಲ್ಬನ್ ಅವರ ಕಾರು ಗೋಡೆಗೆ ಬಡಿಯಿತು. ಬದಲಿ ಒಡಲು ಸಿದ್ಧವಿರಲಿಲ್ಲ. ಕೊನೆಗೆ ಸಹಚಾಲಕ ಲೋಗನ್ ಸಾರ್ಜೆಂಟ್ ಅವರ ಕಾರನ್ನು ಆಲ್ಬನ್‌ಗೆ ಕೊಟ್ಟು, ಯಾವ ತಪ್ಪೂ ಮಾಡದ ಸಾರ್ಜೆಂಟ್ ಅವರನ್ನು ಸ್ಪರ್ಧೆಯಿಂದ ಹೊರಗುಳಿಸಲಾಯಿತು. ಅದೇ ತಂಡದ ಕಾರಿನ ಸುಮಾರು 20,000 ಬಿಡಿಭಾಗಗಳ ಲೆಕ್ಕ ಒಂದು ಎಕ್ಸೆಲ್ ಹಾಳೆಯಲ್ಲಿತ್ತೆಂದೂ, ಯಾವ ಭಾಗ ಎಲ್ಲಿದೆ, ಯಾವುದಕ್ಕೆ ಎಷ್ಟು ವೆಚ್ಚ ಎಂಬುದು ಅದರಿಂದ ತಿಳಿಯುತ್ತಿರಲಿಲ್ಲವೆಂದೂ ಅದರ ಮುಖ್ಯಸ್ಥ ಜೇಮ್ಸ್ ವೌಲ್ಸ್ ಆ ವರ್ಷ ಬಹಿರಂಗಪಡಿಸಿದರು. ಹಲವು ಬಾರಿ ವಿಶ್ವ ಚಾಂಪಿಯನ್ ಆದ ಸಂಸ್ಥೆಯ ಉಗ್ರಾಣದ ಸ್ಥಿತಿ ಇದು! ಸಣ್ಣ ಕೈಗಾರಿಕೆಗಳ ದಾಸ್ತಾನು ವಹಿಯನ್ನು ಕಂಡು ಮೂಗು ಮುರಿಯುವವರು ಈ ಸಂಗತಿಯನ್ನು ನೆನಪಿನಲ್ಲಿಡಬೇಕು.

ಲೆಕ್ಕಪತ್ರದವರಿಗೆ ಫಾರ್ಮುಲಾ ಒನ್ ಹೊಸ ಹೆಸರಲ್ಲ. ಬುದ್ಧ ಇಂಟರ್‌ನ್ಯಾಷನಲ್ ಸರ್ಕ್ಯೂಟ್‌ನಲ್ಲಿ 2011ರಿಂದ 2013ರವರೆಗೆ ನಡೆದ ಸ್ಪರ್ಧೆಗಳ ಆದಾಯ ತೆರಿಗೆ ವ್ಯಾಜ್ಯದಲ್ಲಿ, ಆ ಸರ್ಕ್ಯೂಟ್ ವಿದೇಶಿ ಸಂಸ್ಥೆಯ ಕಾಯಂ ನೆಲೆಯೆಂದು ಸುಪ್ರೀಂ ಕೋರ್ಟ್ 2017ರ ಏಪ್ರಿಲ್‌ನಲ್ಲಿ ತೀರ್ಪಿತ್ತದ್ದು ವೃತ್ತಿಬಾಂಧವರಿಗೆ ತಿಳಿದಿದೆ. ಅಷ್ಟೇ ಸ್ವಾರಸ್ಯಕರವಾದದ್ದು ರೆಡ್ ಬುಲ್ ತಂಡದ 2021ರ ಲೆಕ್ಕಗಳ ಪರಿಶೀಲನೆ. ತಂಡ ಮಿತಿಯನ್ನು 18.64 ಲಕ್ಷ ಪೌಂಡುಗಳಷ್ಟು, ಅಂದರೆ ಶೇ. 1.6ರಷ್ಟು ಮೀರಿದೆಯೆಂದು 2022ರ ಅಕ್ಟೋಬರ್‌ನಲ್ಲಿ ನಿರ್ಣಯವಾಯಿತು. ವಿವಾದದ ಬಾಬುಗಳು ಊಟೋಪಚಾರ, ನೌಕರರ ಸಾಮಾಜಿಕ ಭದ್ರತಾ ವಂತಿಗೆ, ತರಬೇತಿದಾರರ ಮೇಲಿನ ಕರ, ದಾಸ್ತಾನು ಮುಂತಾದವು. ತೆರಿಗೆ ರಿಯಾಯಿತಿಯೊಂದನ್ನು ಸರಿಯಾಗಿ ನಮೂದಿಸಿದ್ದರೆ ಅತಿಕ್ರಮ ಶೇ. 0.37ಕ್ಕೆ, 4.33 ಲಕ್ಷ ಪೌಂಡುಗಳಿಗೆ ಇಳಿಯುತ್ತಿತ್ತೆಂದು ಒಕ್ಕೂಟವೇ ಒಪ್ಪಿಕೊಂಡಿತು. ವಿಧಿಸಿದ ದಂಡ 70 ಲಕ್ಷ ಡಾಲರ್, ಜೊತೆಗೆ ಗಾಳಿಸುರಂಗ ಮತ್ತು ಗಣಕ ಪರೀಕ್ಷೆಗಳಲ್ಲಿ ಶೇ. 10ರ ಕಡಿತ.

ಈ ಪರೀಕ್ಷೆಗಳ ಹಂಚಿಕೆಯಲ್ಲಿ ಮೊದಲೇ ಒಂದು ಏರಿಳಿತವಿತ್ತು. ಚಾಂಪಿಯನ್ ತಂಡಕ್ಕೆ ನಿಗದಿತ ಪ್ರಮಾಣದ ಶೇ. 70 ಮಾತ್ರ, ಒಂದೊಂದು ಸ್ಥಾನ ಕೆಳಗಿಳಿದಂತೆ ಶೇ. 5ರಷ್ಟು ಹೆಚ್ಚುತ್ತ ಹತ್ತನೆಯ ತಂಡಕ್ಕೆ ಶೇ. 115. ಹಾಗಾಗಿ ದಂಡ ತೆತ್ತ ರೆಡ್ ಬುಲ್ ಶೇ. 63ಕ್ಕೆ ಇಳಿಯಿತು. ಗೆದ್ದವರನ್ನು ಹೀಗೆ ಹಿಂದಕ್ಕೆಳೆಯುವುದು ಅನ್ಯಾಯವೆಂಬ ವಾದ ಕೇಳಿಬರುತ್ತದೆ. ಆ ವಾದದಲ್ಲಿ ಹುರುಳಿಲ್ಲ. ಹಿಂದುಳಿದವರಿಗೆ ಇಲ್ಲಿ ದೊರೆಯುವುದು ಸಹಾಯಧನವಲ್ಲ, ಪರೀಕ್ಷಿಸಿ ನೋಡುವ ಅವಕಾಶ ಮಾತ್ರ. ಅವಕಾಶವನ್ನು ಅಂಕವಾಗಿ ಪರಿವರ್ತಿಸುವ ಹೊಣೆ ಅವರದೇ. ಕಡಿಮೆ ಅವಕಾಶವಿದ್ದವರು ಸೋಲಲೇಬೇಕೆಂದೂ ಇಲ್ಲ. ಆ ಶೇ. 63ರಲ್ಲಿಯೇ ರೆಡ್ ಬುಲ್ 2023ರ 22 ಸ್ಪರ್ಧೆಗಳಲ್ಲಿ 21ನ್ನು ಗೆದ್ದಿತು.

ಅದೇ ತಂಡ 2025ರಲ್ಲಿ ಇನ್ನೊಂದು ಪ್ರಶ್ನೆಯನ್ನು ಮುಂದಿಟ್ಟಿತು: ಸುಧಾರಣೆಯನ್ನು ಎಂದು ನಿಲ್ಲಿಸಬೇಕು? 2026ಕ್ಕೆ ನಿಯಮಗಳೇ ಬದಲಾಗಲಿದ್ದುದರಿಂದ 2025ರ ಕಾರಿಗೆ ಹಾಕಿದ ಹಣ ಕೆಲವೇ ತಿಂಗಳಲ್ಲಿ ನಿರುಪಯುಕ್ತವಾಗುವುದು ಖಚಿತವಿತ್ತು. ಮುಂಚೂಣಿಯಲ್ಲಿದ್ದ ಮೆಕ್‌ಲಾರೆನ್ ತನ್ನ ಶಕ್ತಿಯನ್ನು ಮುಂದಿನ ವರ್ಷದ ಕಾರಿನತ್ತ ತಿರುಗಿಸಿತು. ರೆಡ್ ಬುಲ್ ಮಾತ್ರ ಮೊಂಜಾಕ್ಕೆ ಹೊಸ ತಳಭಾಗ ತಂದಿತು, ಅನಂತರವೂ ತರುತ್ತಲೇ ಹೋಯಿತು. ಆಗಸ್ಟ್ ಕೊನೆಗೆ 104 ಅಂಕ ಹಿಂದಿದ್ದ ಮ್ಯಾಕ್ಸ್ ವರ್ಸ್ಟಾಪನ್ ಉಳಿದ ಒಂಬತ್ತು ಸ್ಪರ್ಧೆಗಳಲ್ಲಿ ಆರನ್ನು ಗೆದ್ದು, ನಾರಿಸ್ ಅವರ 423ರ ಎದುರು 421 ಅಂಕ ಗಳಿಸಿ ಎರಡೇ ಅಂಕಗಳಿಂದ ಪಟ್ಟ ಕಳೆದುಕೊಂಡರು. ಮೇಲ್ನೋಟಕ್ಕೆ ಈ ಹಣ ವ್ಯರ್ಥ. ಆದರೆ ಆ ತಂಡದ ಹೊಸ ಮುಖ್ಯಸ್ಥ ಲೋರಾಂ ಮೆಕೀಸ್ ಕೊಟ್ಟ ಕಾರಣ ಗಮನಾರ್ಹ: ಹಳೆಯ ಕಾರಿನ ದೋಷ ತಿಳಿಯದೆ ಅದೇ ಸಾಧನಗಳಿಂದ ಹೊಸ ಕಾರನ್ನು ವಿನ್ಯಾಸಗೊಳಿಸುವುದು ಸಲ್ಲದು ಎಂಬುದು ಅದರ ತಾತ್ಪರ್ಯ. ಹಳೆಯ ವರ್ಷದ ತಾಳೆ ಮುಗಿಸದೆ ಹೊಸ ವರ್ಷದ ಪುಸ್ತಕ ತೆರೆಯಬಾರದೆಂಬ ಲೆಕ್ಕಿಗರ ನಿಯಮವೇ ಇದು.

ತಾಳೆಯಾದ ಮೇಲೂ ಒಂದು ವಸ್ತು ಬೇಕು: ಕೈಯಲ್ಲಿ ನಗದು. ಇದನ್ನು ತೋರಿಸಿಕೊಡುವುದು ಕನ್ನಡಿಗರಿಗೆ ಚಿರಪರಿಚಿತವಾದ ಫೋರ್ಸ್ ಇಂಡಿಯಾ ತಂಡದ ಕಥೆ. ಬೆಂಗಳೂರಿನ ಯುಬಿ ಸಮೂಹದ ಅಂದಿನ ಅಧ್ಯಕ್ಷ ವಿಜಯ್ ಮಲ್ಯ 2007ರಲ್ಲಿ ಪಾಲುದಾರರೊಡನೆ ಕೊಂಡ ತಂಡವಿದು. 2011ರಲ್ಲಿ ಸಹಾರಾ ಸಮೂಹವೂ ಪಾಲು ಪಡೆಯಿತು. ಕಾರ್ಖಾನೆ ಇದ್ದದ್ದು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ. 2015ರ ಹೊಸ ಕಾರು ಪೂರ್ವಪರೀಕ್ಷೆಗಳ ಕೊನೆಯ ದಿನಗಳಲ್ಲಷ್ಟೇ ಕಾಣಿಸಿಕೊಂಡಿತು. ಅದೇ ವರ್ಷ ತಂಡ ಕಲೋನ್‌ನ ಟೊಯೊಟಾ ಸುರಂಗಕ್ಕೆ ಬದಲಾಯಿಸಿಕೊಂಡು, ಅಲ್ಲಿನ ಶೇ. 60ರ ಮಾದರಿಯಿಂದ ರೂಪಿಸಿದ ಪರಿಷ್ಕೃತ ಕಾರನ್ನು ಜುಲೈನಲ್ಲಿ ಸಿಲ್ವರ್‌ಸ್ಟೋನ್ ಸ್ಪರ್ಧೆಗೆ ತಂದಿತು. ಮೊದಲ ಎಂಟು ಸ್ಪರ್ಧೆಗಳಲ್ಲಿ 31 ಅಂಕ. ಉಳಿದ ಹನ್ನೊಂದರಲ್ಲಿ 105. ತಂಡ ಐದನೆಯದಾಯಿತು, ಮುಂದಿನ ಎರಡು ವರ್ಷಗಳೂ ನಾಲ್ಕನೆಯದು. ತನಗಿಂತ ಬಹುಪಾಲು ಶ್ರೀಮಂತವಾದ ತಂಡಗಳ ನಡುವೆ ಇದು ಸಾಮಾನ್ಯ ಸಾಧನೆಯಲ್ಲ. ಮಾಲೀಕರ ವ್ಯವಹಾರಗಳ ಬಗೆಗೆ ಏನೇ ಹೇಳಿದರೂ, ಆ ಕಾರ್ಖಾನೆಯ ಕೆಲಸಗಾರರಿಗೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು.

ಆದರೆ ಬಾಕಿಗಳು ಬೆಳೆಯುತ್ತಿದ್ದವು. 2018ರ ಜುಲೈನಲ್ಲಿ, ತನಗೆ ಬರಬೇಕಾದ ಹಣವಿದ್ದ ಚಾಲಕ ಸೆರ್ಗಿಯೊ ಪೆರೆಜ್ ಅವರೇ ಲಂಡನ್‌ನ ನ್ಯಾಯಾಲಯಕ್ಕೆ ಹೋಗಿ ತಂಡವನ್ನು ಆಡಳಿತಾಧಿಕಾರಿಗಳ ವಶಕ್ಕೆ ಒಪ್ಪಿಸುವ ಕ್ರಮಕ್ಕೆ ಚಾಲನೆ ಕೊಟ್ಟರು. ಇನ್ನೊಬ್ಬ ಸಾಲಗಾರರ ಅರ್ಜಿಯಿಂದ ಸಂಸ್ಥೆ ಪೂರ್ತಿ ಮುಚ್ಚಿಹೋಗುವುದನ್ನು ತಪ್ಪಿಸುವುದೇ ಇದರ ಉದ್ದೇಶವಾಗಿತ್ತು. ಭಾರತದ 2016ರ ದಿವಾಳಿ ಸಂಹಿತೆಯನ್ನು ಬಲ್ಲವರಿಗೆ ಈ ವ್ಯತ್ಯಾಸದ ಮಹತ್ವ ತಿಳಿದಿದೆ. ನಾನೂರಕ್ಕೂ ಹೆಚ್ಚು ನೌಕರರ ಕೆಲಸ ಉಳಿಯಿತು. ಕೆನಡಾದ ಉದ್ಯಮಿ ಲಾರೆನ್ಸ್ ಸ್ಟ್ರೋಲ್ ನೇತೃತ್ವದ ಕೂಟ ತಂಡವನ್ನು ಕೊಂಡಿತು. 2023ರಲ್ಲಿ ಮೇಲಿನಿಂದ ಕೆಳಕ್ಕೆ ಜಾರಿದ ಆಸ್ಟನ್ ಮಾರ್ಟಿನ್ ಇದೇ ಕಾರ್ಖಾನೆಯ ಇಂದಿನ ಹೆಸರು. ಹೊಸ ಸಂಸ್ಥೆಯಾದುದರಿಂದ ಹಳೆಯ ಸಂಸ್ಥೆ 12 ಸ್ಪರ್ಧೆಗಳಲ್ಲಿ ಗಳಿಸಿದ್ದ 59 ಅಂಕಗಳು ತಯಾರಕರ ಪಟ್ಟಿಯಿಂದ ರದ್ದಾದವು. ಬೆಲ್ಜಿಯಂನಲ್ಲಿ ಅದೇ ಕಾರು, ಅದೇ ಚಾಲಕರು, ಅದೇ ಕೆಲಸಗಾರರು ಸೊನ್ನೆಯಿಂದ ಆರಂಭಿಸಿ ಐದನೆಯ ಮತ್ತು ಆರನೆಯ ಸ್ಥಾನ ಪಡೆದರು. ವರ್ಷದ ಉಳಿದ ಒಂಬತ್ತು ಸ್ಪರ್ಧೆಗಳಲ್ಲಿ ಅವರು ಗಳಿಸಿದ್ದು 52 ಅಂಕ.